ಬೈಗುಳ ನಿಂತ ಎಂಟನೇ ದಿನ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಪಂಪುಸೆಟ್ ರಿಪೇರಿ ಅಂಗಡಿ ಇಟ್ಟ ಚಿಕ್ಕಣ್ಣ ಇಳಿಯದ ಬಾವಿ ಇರಲಿಲ್ಲ, ಅವನ ಬಾಯಿಗೆ ಬೀಳದ ಜನವೂ ಇರಲಿಲ್ಲ. ಸುಟ್ಟ ಮೋಟಾರು ತಂದವರಿಗೆ ಮೊದಲು ಮಂಗಳಾರತಿ, ಆಮೇಲೆ ರಿಪೇರಿ. ಮನೆಯಲ್ಲಿ ಹೆಂಡತಿ ಮಂಗಳಮ್ಮನಿಗೂ ಎರಡು ಹೊತ್ತಿನ ಮಂಗಳಾರತಿ ತಪ್ಪಿದ್ದಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಅವಳು ಅದನ್ನು ಓದಲು ಕಲಿತಿದ್ದಳು. ಜೋರಾಗಿ ಬೈದರೆ ಮೈ ಚೆನ್ನಾಗಿದೆ, ಗೊಣಗಿದರೆ ಹೊಟ್ಟೆ ಹಸಿದಿದೆ.

ಹೋದ ವರ್ಷ ಒಂದು ಬೆಳಿಗ್ಗೆ ಮೋಟಾರು ಬಿಚ್ಚುತ್ತಿದ್ದವನು ತಲೆಗೆ ಸುತ್ತಿಗೆಯಿಂದ ಹೊಡೆದಂತಾಯಿತು ಎಂದು ಕುಸಿದು, ವಾಂತಿ ಮಾಡಿಕೊಂಡ. ಮಂಡ್ಯದ ಆಸ್ಪತ್ರೆಯಲ್ಲಿ, ಮಿದುಳಿನ ರಕ್ತನಾಳದಲ್ಲಿ ಊದಿದ್ದ ಒಂದು ಗುಳ್ಳೆ ಒಡೆದು ಮಿದುಳಿನ ಸುತ್ತ ರಕ್ತ ಹರಡಿದೆ ಎಂದರು. ಆಪರೇಷನ್ ಮಾಡಿ ಗುಳ್ಳೆಗೆ ಕ್ಲಿಪ್ ಹಾಕಿದರು.

ತೂತು ಮುಚ್ಚಿತಲ್ಲ ಎಂದು ಮಂಗಳಮ್ಮ ಕೈಮುಗಿದಳು. ಡಾಕ್ಟರ್ ರಂಜಿತ ಮಾತ್ರ, ಅಪಾಯ ಇನ್ನೂ ಮುಗಿದಿಲ್ಲ, ಎರಡು ವಾರ ಇಲ್ಲೇ ಇರಬೇಕು ಎಂದರು. ಚೆಲ್ಲಿದ ರಕ್ತದಿಂದಾಗಿ ಮಿಕ್ಕ ನಾಳಗಳು ಬಿಗಿದುಕೊಳ್ಳಬಹುದು, ಆಗ ಮಿದುಳಿಗೆ ರಕ್ತ ಸಾಲದೆ ಲಕ್ವ ಹೊಡೆಯಬಹುದು, ಜೀವಕ್ಕೇ ಕುತ್ತು ಬರಬಹುದು. ಏನೇ ಬದಲಾವಣೆ ಕಂಡರೂ ಹೇಳಿ ಎಂದರು.

ಏಳು ದಿನ ಚಿಕ್ಕಣ್ಣ ಸೂಜಿಯನ್ನು ಬೈದ, ಉಪ್ಪಿಲ್ಲದ ಗಂಜಿಯನ್ನು ಬೈದ, ಎಲ್ಲರಿಗೂ ಸಮಾಧಾನವಾಗಿತ್ತು. ಎಂಟನೇ ಬೆಳಿಗ್ಗೆ ಗಂಜಿಯನ್ನು ಸುಮ್ಮನೆ ಕುಡಿದ. ನೋಡಲು ಬಂದ ತಮ್ಮ ನಾಗರಾಜುವಿಗೆ "ಬಾರಪ್ಪ" ಎಂದ. ಹನ್ನೆರಡು ವರ್ಷ ಅಣ್ಣನ ಅಂಗಡಿಯಲ್ಲೇ ದುಡಿದ ನಾಗರಾಜು ಆ ಮಾತು ಕೇಳಿದ್ದು ಅದೇ ಮೊದಲು. ಅವನ ಕಣ್ಣು ತುಂಬಿತು.

"ಸಾವಿನ ಬಾಗ್ಲು ನೋಡ್ಕಂಡು ಬಂದವ್ನಲ್ಲ ಕಣತ್ಗೆ, ಬುದ್ಧಿ ಬಂದದೆ. ಊರಿಗೆ ಕರ್ಕಂಡೋಗವಾ."

ನರ್ಸು ಕೂಡ ರೋಗಿ ಶಾಂತವಾಗಿದ್ದಾರೆ ಎಂದು ಬರೆದುಕೊಂಡಳು. ಮಂಗಳಮ್ಮನಿಗೆ ಆ ಶಾಂತಿಯಿಂದಲೇ ಅಶಾಂತಿ ಶುರುವಾಯಿತು. ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕೆಲಸವನ್ನು ಚಿಕ್ಕಣ್ಣ ಯಾರಿಗೂ ಬಿಟ್ಟುಕೊಟ್ಟವನಲ್ಲ, ತಮ್ಮನಿಗಂತೂ ಮುಟ್ಟಲೂ ಬಿಟ್ಟಿರಲಿಲ್ಲ. ಅವಳು ಬಗ್ಗಿ ಕೇಳಿದಳು, "ಅಂಗ್ಡೀಲಿರೋ ಯಲಿಯೂರವ್ರ ಮೋಟ್ರುಗೆ ನಾಗನೇ ತಂತಿ ಸುತ್ಲಾ?"

ಚಿಕ್ಕಣ್ಣ, "ಆಗ್ಲಿ ಬುಡು" ಎಂದ.

ಅವಳು ಎದ್ದು ಹೋಗಿ ಡಾಕ್ಟರ ಮುಂದೆ ನಿಂತಳು. "ನಮ್ಮೆಜಮಾನ್ರು ಬೈತಾ ಇಲ್ಲ ಕಣಮ್ಮ, ಬಂದು ನೋಡಿ."

ರಂಜಿತ ನಗಲಿಲ್ಲ. ಬಂದು, ಎರಡೂ ಕೈ ಮುಂದೆ ಚಾಚಿ ಹಿಡಿಯಲು ಹೇಳಿದರು. ಎಡಗೈ ನಿಂತಿತು, ಬಲಗೈ ಮೆಲ್ಲಗೆ ಕೆಳಗಿಳಿಯಿತು. ಹೆಸರು ಹೇಳಿಸಿದರೆ ನಾಲಿಗೆ ತೊದಲಿತು. ಕೂಡಲೇ ಕಣತಲೆಗೆ ಒಂದು ಯಂತ್ರವನ್ನು ಒತ್ತಿ ರಕ್ತದ ಓಟ ಅಳೆದರು. ಎರಡು ದಿನದ ಹಿಂದಿದ್ದ ವೇಗದ ಎರಡರಷ್ಟಿತ್ತು. ಓಟ ಜೋರಾಗಿದ್ದರೆ ಒಳ್ಳೆಯದೇ ಅಲ್ಲವೇ ಎಂದ ನಾಗರಾಜು. ಡಾಕ್ಟರು ಬಾಯಿ ತೆರೆಯುವ ಮೊದಲೇ ಮಂಗಳಮ್ಮ ಹೇಳಿದಳು.

"ಪೈಪಿನ ಬಾಯಿಗೆ ಎಬ್ಬೆಟ್ಟು ಒತ್ತಿದಂಗೆ ಕಣ್ಲಾ. ಎಗ್ರೋದು ಜೋರು, ಪಾತಿಗೆ ಬೀಳೋದು ಕಮ್ಮಿ."

ಅಷ್ಟೇ ವಿಷಯ ಎಂದರು ರಂಜಿತ. ಬಿಗಿದ ನಾಳದಲ್ಲೂ ರಕ್ತ ನುಗ್ಗಬೇಕೆಂದರೆ ಒತ್ತಡ ಏರಿಸಬೇಕು. ಊರೆಲ್ಲ ಬಿಪಿ ಇಳಿಸಲು ಮಾತ್ರೆ ನುಂಗುವಾಗ, ಚಿಕ್ಕಣ್ಣನಿಗೆ ಬಿಪಿ ಏರಿಸಲು ಡ್ರಿಪ್ ಹಾಕಿದರು. ಅವನಿಗೆ ಬಿಪಿ ಏರಿಸಲು ಡ್ರಿಪ್ ಯಾಕೆ, ನಾನು ಅಂಗಡಿ ನಡೆಸುತ್ತೇನೆ ಎಂದರೆ ಸಾಕಲ್ಲ ಎಂದು ನಾಗರಾಜು ಗೊಣಗಿದ. ಆದರೂ ಊರಿಗೆ ಹೊರಡಲಿಲ್ಲ, ಬಾಗಿಲ ಬಳಿಯೇ ಕೂತ.

ಮಾರನೆಯ ಮಧ್ಯಾಹ್ನ ಚಿಕ್ಕಣ್ಣನ ಕಣ್ಣು ತಮ್ಮನ ಮೇಲೆ ನೆಟ್ಟಿತು. ನಾಲಿಗೆ ಇನ್ನೂ ತೊದಲುತ್ತಿತ್ತು.

"ಲೇ ನಾಗ, ಆ ಮೋಟ್ರು ಮುಟ್ಟಿದ್ರೆ ಕೈ ಮುರೀತೀನಿ."

ಅದನ್ನೂ ಬರೆದುಕೊಳ್ಳಮ್ಮ ಎಂದು ಮಂಗಳಮ್ಮ ನರ್ಸಿಗೆ ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಬಲಗೈ ಬೆರಳುಗಳಿಗೆ ಮೊದಲಿನ ಹಿಡಿತ ಪೂರ್ತಿ ತಿರುಗಿ ಬರಲಿಲ್ಲ. ಈಗ ಅಂಗಡಿಯಲ್ಲಿ ತಂತಿ ಸುತ್ತುವವನು ನಾಗರಾಜುವೇ, ಪಕ್ಕದ ಸ್ಟೂಲಿನಲ್ಲಿ ಕೂತು ಸುತ್ತುಸುತ್ತಿಗೂ ಬೈಯುವವನು ಚಿಕ್ಕಣ್ಣ. ಅರ್ಧ ಗಂಟೆ ಸದ್ದಿಲ್ಲವೆಂದರೆ ಮಂಗಳಮ್ಮ ಕೈಲಿದ್ದ ಕೆಲಸ ಬಿಟ್ಟು ಬಂದು, "ಎರಡೂ ಕೈ ಚಾಚಿ" ಅನ್ನುತ್ತಾಳೆ. ಅವನು ಚಾಚಿ, ಬೈಯುತ್ತಾನೆ. ಅವಳು ಒಳಗೆ ಹೋಗುತ್ತಾಳೆ.