ಎರಡನೇ ಸಲ ನೀಡದ ಊಟ

ಕಂಪ್ಲಿಯ ಅಕ್ಕಿ ಗಿರಣಿಯೊಂದರ ಮಷಿನ್ ರಿಪೇರಿ ಮಾಡಿಕೊಟ್ಟಿದ್ದೆ. ಆ ಖುಷಿಗೆ ಗಿರಣಿ ಮಾಲೀಕ ಶರಣಪ್ಪನವರು ಹಂಪಿ ಹತ್ತಿರದ ದೊಡ್ಡ ಹೋಟೆಲಿಗೆ ಫ್ರೆಂಚ್ ಊಟಕ್ಕೆ ಕರೆದೊಯ್ದರು. ಅಲ್ಲಿ ನಮಗೇನು ಬೇಕೆಂದು ನಾವು ಹೇಳುವಂತಿಲ್ಲ. ಅಡುಗೆಯವನು ತನಗೆ ತೋಚಿದ್ದನ್ನು ಒಂದಾದ ಮೇಲೊಂದು ಕಳಿಸುತ್ತಾನೆ.

ಮೊದಲು ಬಂದದ್ದು, ಮೊರದಗಲದ ತಟ್ಟೆಯ ನಡುವೆ ಒಂದು ಬೀಟ್‌ರೂಟ್ ಚೂರು. ಒಂದೇ ತುತ್ತಿಗೆ ಮುಗಿಯಿತು. ತಾವು ಕರೆತಂದವರ ತಟ್ಟೆ ಖಾಲಿಯಾದರೆ ಶರಣಪ್ಪನವರಿಗೆ ಜೀವ ತಡೆಯುವುದಿಲ್ಲ.

"ತಮ್ಮಾ, ಇವ್ರಿಗೆ ಇನ್ನಷ್ಟು ನೀಡಪಾ."

"ಒಂದೇ ಸಲ ಕೊಡೋದು ಸರ್," ಎಂದ ವೇಟರ್.

"ಒಮ್ಮೆ ನೀಡಿ ಏಳ್ರಿ ಅಂದ್ರ ಅದೆಂಥಾ ಊಟಲೇ?"

ಉಳಿದದ್ದೆಲ್ಲವೂ ಅದೇ ಅಳತೆಯಲ್ಲಿ ಬಂದು ಹೋಯಿತು. ಕೊನೆಗೆ ಫ್ರಾನ್ಸಿನ ಆ ಅಡುಗೆಯವನೇ ಬಂದು, ಊಟ ಹೇಗಿತ್ತೆಂದು ಇಂಗ್ಲಿಷಿನಲ್ಲಿ ಕೇಳಿದ.

"ಚಲೋ ಐತ್ರಿ. ನಿಮ್ದು ಊಟ ಆತೇನು?" ಎಂದರು ಶರಣಪ್ಪ.

ವೇಟರ್ ಅದನ್ನು ತಿಳಿಸಿ ಹೇಳಿದ. ಅಡುಗೆಯವನು ಇಲ್ಲವೆಂದು ತಲೆಯಾಡಿಸಿದ್ದೇ ತಪ್ಪಾಯಿತು. ಯಾವುದಕ್ಕೂ ಇರಲಿ ಎಂದು ಶರಣಪ್ಪನವರ ಮನೆಯವರು ಕಾರಿನಲ್ಲಿಟ್ಟಿದ್ದ ಬುತ್ತಿ ಮೇಜಿಗೆ ಬಂತು. ಬೀಟ್‌ರೂಟ್ ಚೂರು ಕಂಡಾಗಿನಿಂದ ನಾನು ಆ ಬುತ್ತಿಯನ್ನೇ ನೆನೆಯುತ್ತಿದ್ದೆ.

ಅವನು ಬದನೆಕಾಯಿ ಪಲ್ಯದ ಜೊತೆ ಒಂದು ಜೋಳದ ರೊಟ್ಟಿ ತಿಂದು, ಸಾಕೆಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ನಮ್ಮಲ್ಲಿ ಹಾಗೆ ಹಿಡಿದವರನ್ನು ಯಾರೂ ನಂಬುವುದಿಲ್ಲವೆಂದು ಪಾಪ, ಅವನಿಗೇನು ಗೊತ್ತು!

"ನಾಚ್ಕೋಬ್ಯಾಡ್ರಿ," ಎನ್ನುತ್ತಾ ಶರಣಪ್ಪನವರು ಆ ಕೈ ಸರಿಸಿ ನೀಡಿದರು, ಬುತ್ತಿಯ ತಳ ಕಾಣುವವರೆಗೂ ನೀಡಿದರು.

ಆ ಫ್ರೆಂಚ್ ಊಟದಲ್ಲಿ ಹೊಟ್ಟೆ ತುಂಬಿದ್ದು ಅಡುಗೆ ಮಾಡಿದವನಿಗೊಬ್ಬನಿಗೇ.