ಎರಡು ಮಡಿಕೆಯ ಸೋಸುಬಟ್ಟೆ

ಬಂಧುಗಳೇ, ಕೈಯಲ್ಲಿರುವ ಕಪ್ಪನ್ನು ಕೆಳಗಿಟ್ಟು ಒಂದು ಗಳಿಗೆ ನನ್ನ ಮಾತಿಗೆ ಕಿವಿಗೊಡಿ.

ಕಣ್ಣಾಸ್ಪತ್ರೆಯ ಹಿಂದಿನ ಬೀದಿಯಲ್ಲಿ ನಾಲ್ಕೇ ಬೆಂಚುಗಳ ಕಾಫಿ ಅಂಗಡಿಯೊಂದಿತ್ತು. ಅದನ್ನು ನಡೆಸುವವಳನ್ನು ಜನ ಕಾಫಿಯಕ್ಕ ಎನ್ನುತ್ತಿದ್ದರು. ಆದರೆ ಅವರು ಮುಗಿಬೀಳುತ್ತಿದ್ದುದು ಅವಳ ಕೈರುಚಿಗಲ್ಲ, ಮೂಲೆಯಲ್ಲಿ ಕುಳಿತ ಅವಳ ಅತ್ತೆಯ ಮಾತಿಗೆ. ನೊರೆಗುಳ್ಳೆ ಕುಡಿಯುವವನತ್ತ ತೇಲಿದರೆ ಲಾಭ, ದೂರ ಸರಿದರೆ ನಷ್ಟ, ಕಾಫಿ ತಾನಾಗಿ ಚೆಲ್ಲಿದರೆ ಶುಭ. ಕುಡಿದ ಕಪ್ಪನ್ನು ಬಸಿಯ ಮೇಲೆ ಬೋರಲು ಹಾಕಿದರಂತೂ, ಒಳಗೆ ಅಂಟಿದ ಚರಟ ನೋಡಿ ಆಕೆ ನಾಳೆಯನ್ನೇ ಹೇಳಿಬಿಡುತ್ತಿದ್ದಳು. ಸೊಸೆಯೂ ಇದನ್ನು ಆಟವೆಂದು ನಗುತ್ತ ಬಂದವಳೇ, ಎದುರಂಗಡಿಯ ದರ್ಜಿಯ ಸರದಿ ಬರುವವರೆಗೆ.

ದರ್ಜಿಯ ಕಣ್ಣೊಳಗೆ ಒತ್ತಡ ಏರಿತ್ತು. ತಡಮಾಡಿದರೆ ಹೋದ ಬೆಳಕು ಮರಳದೆಂದು ವೈದ್ಯರು ಎರಡು ಸಲ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದ್ದರು. ಎರಡು ಸಲವೂ ಮುದುಕಿ ಚರಟದಲ್ಲಿ ಮುಚ್ಚಿದ ಬಾಗಿಲು ಕಂಡಳು. ಎರಡು ಸಲವೂ ಆತ ಆಸ್ಪತ್ರೆಯ ಕಡೆ ತಲೆಹಾಕಲಿಲ್ಲ.

ಮೂರನೆಯ ಸಲ ಗೊತ್ತಾದ ದಿನದ ಬೆಳಿಗ್ಗೆ ಒಲೆ ಹಚ್ಚುವ ಮುನ್ನ ಕಾಫಿಯಕ್ಕ ಕಣ್ಣುಮುಚ್ಚಿ ದೇವರನ್ನು ನೆನೆದಳು. ಆಮೇಲೆ ಸೋಸುಬಟ್ಟೆಯನ್ನು ಎರಡು ಮಡಿಕೆ ಮಾಡಿ, ಕಾಫಿಯನ್ನು ನಿಧಾನವಾಗಿ ಇಳಿಸಿದಳು. ಒಂದು ಕಾಳು ಪುಡಿಯೂ ಕೆಳಗೆ ಜಾರಲಿಲ್ಲ.

ದರ್ಜಿ ಬಂದ, ಕುಡಿದ, ಕಪ್ಪನ್ನು ಬೋರಲು ಹಾಕಿದ. ಮುದುಕಿ ಅದನ್ನೆತ್ತಿ ಅತ್ತಿತ್ತ ತಿರುಗಿಸಿದಳು. ಕಪ್ಪಿನ ಒಳಗೆಲ್ಲ ಬೆಳ್ಳಗಿತ್ತು.

"ಇದೇನೇ ಇದು? ಏನೂ ಇಲ್ವಲ್ಲ," ಎಂದಳು.

"ಏನೂ ಇಲ್ಲ ಅಂದ್ರೆ ಏನರ್ಥ, ತಂಗಿ?" ದರ್ಜಿ ಕಾಫಿಯಕ್ಕನತ್ತ ತಿರುಗಿದ.

"ಕಾಫಿ ಚೆನ್ನಾಗಿ ಸೋಸಿದೆ ಅಂತ ಅರ್ಥ, ಅಣ್ಣ. ಏಳಿ."

"ಅಲ್ಲ, ಒಂದು ಗುರುತೂ ಇಲ್ದೆ ಹೇಗೆ..."

"ಸೂಜಿಕಣ್ಣು ಕಾಣ್ದೆ ಮೊನ್ನೆ ನನ್ನ ರವಿಕೆಗೆ ಒಂದು ತೋಳು ಮುಂದೆ, ಒಂದು ಹಿಂದೆ ಹಚ್ಚಿಕೊಟ್ರಲ್ಲ, ಅದಕ್ಕಿಂತ ಗುರುತು ಬೇಕಾ?"

ಬೆಂಚಿನ ಮೇಲಿದ್ದವರು ನಕ್ಕರು. ಅತ್ತೆ ನಗಲಿಲ್ಲ. "ಗಿರಾಕಿ ಬರೋದೇ ನನ್ನ ಬಾಯಿಂದ. ಅಂಗಡಿಗೆ ಬೀಗ ಹಾಕಿಸ್ತೀಯ ನೀನು."

"ಹಾಕಿದ್ರೆ ಹಾಕ್ಲಿ ಅತ್ತೆ. ನಿಜ ಹೇಳಿ, ಆ ಬಾಗಿಲು ನಿಮಗೆ ಕಂಡಿತ್ತಾ?"

ಮುದುಕಿ ಕಪ್ಪನ್ನು ಬಸಿಯ ಮೇಲಿಟ್ಟಳು. "ನಿಮ್ಮ ಮಾವ ಆಸ್ಪತ್ರೆಗೆ ಹೋದೋರು ತಿರುಗಿ ಬರ್ಲಿಲ್ಲ. ಯಾರು ಆ ಕಡೆ ಹೊರಟ್ರೂ ನಂಗೆ ಅದೇ ಬಾಗಿಲು ಕಾಣುತ್ತೆ," ಎಂದವಳು, ಎದ್ದು ತನ್ನ ಶಾಲನ್ನು ದರ್ಜಿಯ ಹೆಗಲಿಗೆ ಹೊದಿಸಿದಳು. "ಹೋಗಪ್ಪ. ಅಲ್ಲಿ ಚಳಿ ಜಾಸ್ತಿ."

ಕಾಫಿಯಕ್ಕ ಒಲೆ ಆರಿಸಿ, ದರ್ಜಿಯ ಮೊಣಕೈ ಹಿಡಿದು ನಡೆಸಿದಳು. ದಾರಿಯಲ್ಲಿ ಆತ ಎರಡು ಬಾರಿ ನಿಂತ. ಎರಡು ಬಾರಿಯೂ ಆಕೆ ಕೈ ಬಿಡಲಿಲ್ಲ. ಶಸ್ತ್ರಚಿಕಿತ್ಸೆ ಆಯಿತು. ಅಷ್ಟರಲ್ಲಾಗಲೇ ಕಣ್ಣಿನ ಒಂದಿಷ್ಟು ಬೆಳಕು ಹೋಗಿತ್ತು, ಅದು ಮರಳಲಿಲ್ಲ. ಉಳಿದದ್ದು ಉಳಿಯಿತು. ಅಷ್ಟರಿಂದಲೇ ಆತ ಆ ರವಿಕೆಯ ತೋಳು ಬಿಚ್ಚಿ ನೆಟ್ಟಗೆ ಹೊಲಿದುಕೊಟ್ಟ.

ಅಂಗಡಿಯ ಎರಡು ಬೆಂಚುಗಳು ಈಗ ಖಾಲಿಯಿರುತ್ತವೆ. ಆದರೂ ಬಟ್ಟೆಯ ಮಡಿಕೆ ಬಿಚ್ಚಿಲ್ಲ. ಅತ್ತೆಯೇ ಅದನ್ನು ದಿನವೂ ಒಗೆದು ಒಣಗಿಸುತ್ತಾಳೆ.

ನಮ್ಮನ್ನು ಕಾಯುವ ದೇವರು ತನ್ನ ಮಾತನ್ನು ಚರಟದಲ್ಲಿ ಬಚ್ಚಿಡುವವನಲ್ಲ, ಪ್ರಿಯರೇ. ನಿಮ್ಮ ಬೀದಿಯಲ್ಲೂ ಅಂಜಿ ಕುಳಿತವರೊಬ್ಬರು ಇರಬಹುದು. ಇಂದೇ ಹೋಗಿ, ಅವರ ಮೊಣಕೈ ಹಿಡಿದು, ಅವರು ಅಂಜುವ ಬಾಗಿಲಿನವರೆಗೆ ಜೊತೆಗೆ ನಡೆಯಿರಿ.