ಮಾಲ್‌ಸುನ್ ಕಟ್ಟಿಸಿಕೊಂಡ ರೆಕ್ಕೆ

ಕಡಲಲ್ಲಿ ಮುಳುಗಿ ಬದುಕುವ ನಮ್ಮೂರಿನ ಹೆನ್ಯೊ ಹೆಂಗಸರಿಗೆ ಗಾಳಿ ಸಿಲಿಂಡರ್ ಕಂಡರೆ ಆಗುವುದಿಲ್ಲ. ಶಂಖವಾಗಲಿ, ಕಡಲಸೌತೆಯಾಗಲಿ, ಒಂದೇ ಉಸಿರಿನಲ್ಲಿ ಮುಳುಗಿ ಕಿತ್ತು ತರಬೇಕು. ಬೆನ್ನ ಮೇಲೆ ಗಾಳಿ ಹೊತ್ತು ಹೋದರೆ ಅದು ಕಳ್ಳತನ. ಹಾಗಿರುವಾಗ, ಬಾಲ್ಯದಿಂದಲೂ ಬರೀ ಉಸಿರಿನ ಮೇಲೆ ಬದುಕಿದ ಜ್ವಾ ಮಾಲ್‌ಸುನ್ ಒಂದು ಬೆಳಿಗ್ಗೆ ಗಿಬೆಕ್‌ನ ಡೈವಿಂಗ್ ಅಂಗಡಿಯ ಬಾಗಿಲು ತಳ್ಳಿ ಒಳಗೆ ಬಂದರು ಎಂದರೆ, ಊರಿನ ಬಾಯಿಗೆ ಬೀಗ ಹಾಕುವವರು ಯಾರು?

ಕಾರಣ ಎಲ್ಲರಿಗೂ ಗೊತ್ತಿತ್ತು. ಅವರ ತಂಗಿ ಚುನ್‌ಜ ಕರಿಬಂಡೆಯ ಕೆಳಗೆ ಮುಳುಗಿ, ಜೀವ ಬಿಟ್ಟು ಮೇಲೆ ಬಂದಿದ್ದರು. ಬಂಡೆಗೆ ಕಚ್ಚಿದ ಚಿಪ್ಪನ್ನು ಎಬ್ಬಿಸುವ ಕಬ್ಬಿಣದ ಪಟ್ಟಿಗೆ ಒಂದು ಹಗ್ಗದ ಕುಣಿಕೆ ಇರುತ್ತದೆ. ನಮ್ಮ ಹೆಂಗಸರು ಅದನ್ನು ಮಣಿಕಟ್ಟಿಗೆ ಹಾಕಿಕೊಳ್ಳುತ್ತಾರೆ. ಅಂದು ಚಿಪ್ಪು ಕಬ್ಬಿಣವನ್ನು ಬಿಡಲಿಲ್ಲ, ಜೀವ ಹೋಗುವವರೆಗೆ ಕುಣಿಕೆ ಕೈಯನ್ನು ಬಿಡಲಿಲ್ಲ. ದೇಹ ದಡಕ್ಕೆ ಬಂದಾಗ ಮಣಿಕಟ್ಟಿನ ಸುತ್ತ ನೀಲಿ ಗೆರೆಯಿತ್ತು, ಕಬ್ಬಿಣ ಇರಲಿಲ್ಲ. ಸತ್ತವರನ್ನು ದಾಟಿಸುವ ಪೂಜಾರಿಣಿ ಕೈ ಚೆಲ್ಲಿದ್ದಳು. ಜೀವ ಕಬ್ಬಿಣದ ಹತ್ತಿರವೇ ಕೂತಿದೆ, ಅದು ಬಾರದೆ ಇವಳು ಹೋಗಲಾರಳು ಎಂದಿದ್ದಳು.

ಆಮೇಲೆ ಮಂಜು ಇಳಿದ ದಿನಗಳಲ್ಲಿ ಕರಿಬಂಡೆಯ ಕಡೆಯಿಂದ ಸೀಟಿ ಕೇಳಿಸತೊಡಗಿತು. ನೀರಿನಿಂದ ಎದ್ದ ಕೂಡಲೇ ಹೆನ್ಯೊ ಹೆಂಗಸರು ಉಸಿರನ್ನು ಸೀಟಿಯಂತೆ ಬಿಡುತ್ತಾರೆ. ಒಬ್ಬೊಬ್ಬರದು ಒಂದೊಂದು ಸ್ವರ. ಆ ಸ್ವರ ಯಾರದೆಂದು ದೋಣಿಯಲ್ಲಿದ್ದವರೆಲ್ಲ ಗುರುತಿಸಿದರು. ಯಾರೂ ಹೆಸರು ಹೇಳಲಿಲ್ಲ. ಬುತ್ತಿ ಬಿಚ್ಚದೆ ವಾಪಸು ಬಂದರು.

ಕಬ್ಬಿಣ ಹುಡುಕಲು ಒಂದು ಉಸಿರು ಸಾಲದು. ಹೆನ್ಯೊ ಸಂಘದ ಹೆಂಗಸರು ಬಹಳ ಜಗಳವಾಡಿ, ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: ಬಲೆಚೀಲ ಒಯ್ಯುವಂತಿಲ್ಲ, ಒಂದು ಶಂಖವನ್ನೂ ಮುಟ್ಟುವಂತಿಲ್ಲ. ಇಷ್ಟು ವರ್ಷ ಮೀನಾಗಿದ್ದವಳು ಮುದುಕಿಯಾದ ಮೇಲೆ ಹಕ್ಕಿಯಾಗುತ್ತಾಳಂತೆ ಎಂದು ಬೆನ್ನ ಹಿಂದೆ ನಕ್ಕರು.

ಗಿಬೆಕ್ ಮಾಲ್‌ಸುನ್‌ರನ್ನು ಕೊಳದಲ್ಲಿ ಪಳಗಿಸಿದ. ಆಮೇಲೆ ಅವರದೇ ಸಾಮಾನು ಆರಿಸಲು ಕೂರಿಸಿದ. ಬೆನ್ನಿಗೆ ಒಂದು ತಟ್ಟೆ, ಆ ತಟ್ಟೆಗೂ ಸಿಲಿಂಡರಿಗೂ ನಡುವೆ ಒಂದು ಗಾಳಿಚೀಲ. ಗಾಳಿ ತುಂಬಿದರೆ ಮೈಯನ್ನು ಮೇಲೆತ್ತುವ ಆ ಚೀಲಕ್ಕೆ ಅಂಗಡಿಯಲ್ಲಿ ರೆಕ್ಕೆ ಎನ್ನುತ್ತಾರೆ. ಅಲ್ಯೂಮಿನಿಯಂ ತಟ್ಟೆ ಹಗುರ ಎಂದು ಅವನು ಮುಂದಿಟ್ಟ. ಮಾಲ್‌ಸುನ್ ಉಕ್ಕಿನದನ್ನು ಗೋಡೆಯಿಂದ ಇಳಿಸಿ, ಅಂಗಿಯ ಮೇಲೆಯೇ ಬೆನ್ನಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು.

"ಇದೇ ಇರ್ಲಿ. ಕಡಲಿಂದ ಎದ್ದು ಬೆಂಕಿ ಕಾಯಿಸ್ವಾಗ ಚುನ್‌ಜ ಬೆನ್ನಿಗೆ ಬೆನ್ನು ಕೊಟ್ಟು ಕೂರ್ತಿದ್ಳು. ಒದ್ದೆ ಬೆನ್ನು. ಹಿಂಗೇ ತಣ್ಣಗಿರ್ತಿತ್ತು."

ಉಕ್ಕು ಭಾರ, ಅದರ ಲೆಕ್ಕಕ್ಕೆ ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದ ಬೆಲ್ಟ್ ಬೇಡವೇ ಬೇಡ ಎಂದ ಗಿಬೆಕ್. ರೆಕ್ಕೆಯಲ್ಲಿ ಅವರು ಎಲ್ಲಕ್ಕಿಂತ ಚಿಕ್ಕದನ್ನು ಆರಿಸಿದರು. ದೊಡ್ಡದು ಊದಿಕೊಂಡಾಗ ತೇಲಿಬಂದ ಹೆಣದ ಹೊಟ್ಟೆ ನೆನಪಾಗುತ್ತದಂತೆ.

ಕಟ್ಟುವ ಕೆಲಸಕ್ಕೆ ಇಡೀ ಮಧ್ಯಾಹ್ನ ಬೇಕಾಯಿತು. ಎರಡೂ ಭುಜ, ಸೊಂಟ, ಎಲ್ಲಕ್ಕೂ ಒಂದೇ ಉದ್ದನೆಯ ಪಟ್ಟಿ. ತಟ್ಟೆಯ ಸೀಳುಗಳಲ್ಲಿ ಹಾಯಿಸಿ, ಉಂಗುರ ಸಿಕ್ಕಿಸಿ, ಒಂದೇ ಮೈಯ ಅಳತೆಗೆ ಕೂರಿಸಬೇಕು. ಕಾಲ ಸಂದಿಯಿಂದ ಮುಂದಕ್ಕೆ ಬರುವ ಇನ್ನೊಂದು ಪಟ್ಟಿಯ ಕುಣಿಕೆಯೊಳಗೆ ಸೊಂಟಪಟ್ಟಿ ಹಾದುಹೋಗುತ್ತದೆ. ಹೊಸ ಪಟ್ಟಿ ಬಿದಿರಿನಷ್ಟು ಬಿರುಸು. ಭುಜದ ಕೆಳಗೆ ಮುಷ್ಟಿ ತೂರಿಸಿ ನೋಡುತ್ತ ಗಿಬೆಕ್, "ಬಿಗಿ ಆಯ್ತಾ ಸಮ್ಚುನ್?" ಎಂದು ಕೇಳಿದ. ನಮ್ಮ ದ್ವೀಪದಲ್ಲಿ ಹಿರಿಯರು ಗಂಡಾಗಲಿ ಹೆಣ್ಣಾಗಲಿ, ಎಲ್ಲರೂ ಸಮ್ಚುನ್.

"ನನ್ ಗಂಡ ಕೂಡ ಇಷ್ಟು ಹೊತ್ತು ಅಳತೆ ತಗೊಂಡಿರ್ಲಿಲ್ಲ ಕಣೋ," ಎಂದರು ಮಾಲ್‌ಸುನ್. ಅಂದು ಅವರು ನಕ್ಕಿದ್ದು ಅದೊಂದೇ ಸಲ.

ಕಡಲು ಎಣ್ಣೆಯಂತೆ ಮಲಗಿದ್ದ ದಿನ ದೋಣಿ ಹೊರಟಿತು. ಮಾಲ್‌ಸುನ್ ಮನೆಯಲ್ಲೇ ರಬ್ಬರ್ ಅಂಗಿ ತೊಟ್ಟು, ಮೇಲೆ ಹೂವಿನ ಹತ್ತಿ ಕುಪ್ಪಸ ಹಾಕಿಕೊಂಡು ಬಂದಿದ್ದರು. ನಮ್ಮ ಮುದುಕಿಯರೆಲ್ಲ ಹಾಗೇ. ಗಿಬೆಕ್ ಗಾಳಿ, ನಳಿಕೆ, ಬಕಲ್ ಎಲ್ಲವನ್ನೂ ನೋಡಿದ. ಕುಪ್ಪಸ ಎತ್ತಿ ನೋಡುವುದು ಅವನಿಗೆ ಹೊಳೆಯಲಿಲ್ಲ.

ಕರಿಬಂಡೆಯ ಬುಡದಲ್ಲಿ ಮೀನೇ ಇರಲಿಲ್ಲ. ಪಾಚಿ ಅಲುಗುತ್ತಿರಲಿಲ್ಲ. ಒಂದು ಬಿರುಕಿನೊಳಗೆ ಕಬ್ಬಿಣ ನಿಂತಿತ್ತು, ಕುಣಿಕೆ ಮೇಲಕ್ಕೆದ್ದು ತೇಲುತ್ತಿತ್ತು, ಯಾರೋ ಈಗ ತಾನೆ ಕೈ ಬಿಡಿಸಿಕೊಂಡ ಹಾಗೆ. ಮಾಲ್‌ಸುನ್ ಬಿರುಕಿಗೆ ಮೈ ತೂರಿಸಿದರು. ಕೆಸರೆದ್ದಿತು. ಹಿಂದಿದ್ದ ಗಿಬೆಕ್‌ಗೆ ಅವರು ಕಾಣದಾದರು.

ಕಬ್ಬಿಣ ಮುಟ್ಟಿದ ಕೂಡಲೇ ಕೈಗೆ ಬಂತು. ಅವರು ರೆಕ್ಕೆಗೆ ಗಾಳಿ ಬಿಟ್ಟರು. ಮೈ ಏಳಲಿಲ್ಲ. ರೆಕ್ಕೆ ತುಂಬಿ, ಹೆಚ್ಚಾದ ಗಾಳಿ ಕಿವಿಯ ಪಕ್ಕ ಬುಳುಬುಳು ಹೊರಟಿತು. ಆದರೂ ಮೈ ಏಳಲಿಲ್ಲ. ಸೊಂಟವನ್ನು ಎರಡು ಕೈಗಳು ತಬ್ಬಿ ಹಿಡಿದಿದ್ದವು. ಸ್ಪಷ್ಟವಾಗಿ ಎರಡು ಕೈ ಎಂದು ಅವರು ಆಮೇಲೆ ಹೇಳಿದರು. ಕಾಲು ಬಡಿದರು, ಒದ್ದಾಡಿದರು, ಆ ಕೈಗಳು ಇನ್ನೂ ಬಿಗಿದವು. ಕೊನೆಗೆ ಒದ್ದಾಡುವುದನ್ನು ಬಿಟ್ಟರು. ಇವಳಿಗೆ ಒಬ್ಬಳೇ ಇರೋಕೆ ಬೇಜಾರಾಗಿದೆ, ಇದ್ದುಬಿಡೋಣ ಅನ್ನಿಸಿತಂತೆ. ಕಬ್ಬಿಣವನ್ನು ಎದೆಗವಚಿಕೊಂಡು ಸುಮ್ಮನೆ ಮಂಡಿಯೂರಿದರು.

ಆಗ ಹೊಟ್ಟೆಯ ಮೇಲೆ ಟಪ್ಪೆಂದಿತು. ಏನೋ ಜಾರಿತು. ಮೈ ಮೇಲಕ್ಕೆ ಚಿಮ್ಮಿತು.

ನಡುನೀರಿನಲ್ಲಿ ಗಿಬೆಕ್ ಮಾಲ್‌ಸುನ್‌ರ ಸಿಲಿಂಡರ್ ಹಿಡಿದು, ರೆಕ್ಕೆಯ ಗಾಳಿ ಬಿಟ್ಟು, ನಿಧಾನವಾಗಿ ಮೇಲೆ ತಂದ. ದೋಣಿಯಲ್ಲಿ ನೋಡಿದರೆ ಅವರ ಸೊಂಟಪಟ್ಟಿ ಬಿಚ್ಚಿಕೊಂಡು ನೇತಾಡುತ್ತಿತ್ತು. ಕುಪ್ಪಸದ ಕೆಳಗೆ, ಕಳಚಿ ಕಡಲಿಗೆ ಬಿದ್ದ ಸೀಸದ ಬೆಲ್ಟಿನ ಅಚ್ಚು ರಬ್ಬರಿನ ಮೇಲೆ ಇನ್ನೂ ಮೂಡಿತ್ತು. ಗಿಬೆಕ್ ಆ ಅಚ್ಚಿನ ಮೇಲೆ ಬೆರಳಿಟ್ಟ.

"ಸೀಸ ಕಟ್ಕೊಂಡು ಬಂದ್ರಾ? ಬೇಡ ಅಂದಿದ್ದೆ ತಾನೆ?"

"ಕಡಲಿಗೆ ಹೊರಟ್ರೆ ಕೈ ತಾನಾಗೇ ಕಟ್ಟುತ್ತಪ್ಪ. ಬಟ್ಟೆ ಬಿಟ್ಟು ಸಂತೆಗೆ ಹೋಗು ಅಂದಂಗಾಯ್ತು ನೀನು ಹೇಳೋದು."

ಅವನು ಬಿಡಿಸಿ ಹೇಳಿದ. ಉಕ್ಕಿನ ಭಾರದ ಮೇಲೆ ಸೀಸದ ಭಾರ. ಸೀಸ ಒಳಗೆ, ಕಾಲಸಂದಿಯ ಪಟ್ಟಿ ಅದರ ಮೇಲೆ. ಸೊಂಟಪಟ್ಟಿಯ ಬಕಲನ್ನೂ ಬಿಚ್ಚದೆ ಸೀಸದ ಬಕಲ್ ಒಂದನ್ನೇ ಬಿಚ್ಚಿದರೆ ಅದು ಕೆಳಗೆ ಬೀಳುವುದಿಲ್ಲ. ಸೊಂಟ ಹಿಡಿದದ್ದು ಯಾರೂ ಅಲ್ಲ, ಅವರೇ ಕಟ್ಟಿಕೊಂಡ ಸೀಸ.

ಮಾಲ್‌ಸುನ್ ತಲೆಯಾಡಿಸಿದರು. ಅವರ ಮೂಗಿನಿಂದ ಸಣ್ಣಗೆ ರಕ್ತ ಇಳಿಯುತ್ತಿತ್ತು.

"ಹಿಡಿದಿದ್ದು ಸೀಸ, ಸರಿ. ನಾನು ಎರಡೂ ಕೈಲಿ ಕಬ್ಬಿಣ ತಬ್ಬಿದ್ದೆ. ಎರಡೂ ಬಕಲ್ ಬಿಚ್ಚಿದ್ದು ಯಾರು?"

ಕಬ್ಬಿಣದ ತುದಿ ತಾಗಿರಬೇಕು ಎಂದ ಗಿಬೆಕ್. ಇರಬಹುದು ಎಂದರು ಅವರು.

ವಾರದೊಳಗೆ ದಡದ ಮೇಲೆ ಬಿಳಿ ಬಟ್ಟೆ ಹಾಸಿ, ಕಬ್ಬಿಣ ಇಟ್ಟು, ಅನ್ನ, ಕಿತ್ತಳೆ, ಸುಟ್ಟ ಮೀನು ಬಡಿಸಿ ಪೂಜಾರಿಣಿ ಗಂಟೆ ಆಡಿಸಿದಳು. ಕೊನೆಯ ಮಾತನ್ನು ಅಕ್ಕನೇ ಆಡಬೇಕು. ಹೋಗು, ಹಿಂತಿರುಗಿ ನೋಡಬೇಡ. ಅಷ್ಟೇ. ಚುನ್‌ಜ ಹೋದ ದಿನದಿಂದ ಮಾಲ್‌ಸುನ್ ಕಾಯುತ್ತಿದ್ದುದು ಈ ಮಾತು ಹೇಳುವುದಕ್ಕೇ. ಗಂಟೆ ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹೋಗು ಚುನ್‌ಜ," ಎಂದರು ಮಾಲ್‌ಸುನ್ ಕೊನೆಗೆ. "ಆಮೇಲೆ ಬರ್ತೀನಿ."

ಪೂಜಾರಿಣಿಯ ಮುಖ ಬಿಳುಚಿತು. ಸತ್ತವರಿಗೆ ಬರ್ತೀನಿ ಅನ್ನಬಾರದು, ಆ ಮಾತು ವಾಪಸು ತಗೊ, ಮೂರು ಸಲ ಉಗುಳು ಎಂದು ಗದರಿದಳು. ಹೆಂಗಸರೂ ಬೇಡಿಕೊಂಡರು. ಮಾಲ್‌ಸುನ್ ಬಟ್ಟೆಯ ಮೇಲಿದ್ದ ಕಿತ್ತಳೆಯೊಂದನ್ನು ಸುಲಿದು, ಅರ್ಧವನ್ನು ನೀರಿಗೆ ಎಸೆದು, ಉಳಿದರ್ಧವನ್ನು ನಿಧಾನವಾಗಿ ತಿನ್ನುತ್ತ ಕೂತರು.